ಎಲೆ ಬಿಡಿಸಿದ ಕೈ

ಅವತ್ತು ಬೆಳಿಗ್ಗೆ ನಮ್ಮ ಮನೆಯವರ ಕೈಯಿಂದ ಕತ್ತರಿ ಬಿತ್ತು. ಬಗ್ಗಿ ಎತ್ತಿಕೊಂಡರು. ಮತ್ತೆ ಬಿತ್ತು. ಇನ್ನೂ ನಿದ್ದೆಗಣ್ಣು ಹೋಗಿಲ್ಲ ಎಂದು ನಾನು ನಕ್ಕೆ. ಅವರು ಏನೋ ಹೇಳಲು ಹೋದರು. ನಾಲಿಗೆ ತೊದಲಿತು, ಬಾಯಿ ಒಂದು ಕಡೆಗೆ ವಾಲಿತು.

ಲಕ್ವಾ.

ಲಕ್ಷ್ಮೇಶ್ವರದಲ್ಲಿ ಅವರು ಹೊಲಿದ ಟೆರಿಕಾಟ್ ಪ್ಯಾಂಟಿಗೆ ಹೆಸರಿತ್ತು. ಆ ಬಲಗೈಯೇ ನಮ್ಮ ಮನೆ ನಡೆಸುತ್ತಿತ್ತು. ಈಗ ಗದಗಿನ ದವಾಖಾನೆಯ ವಾರ್ಡಿನಲ್ಲಿ ಅದು ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಸಲೈನ್ ಇಳಿಯುವಷ್ಟು ಹೊತ್ತೂ ನಾನು ಅದನ್ನೇ ಹಿಡಿದು ಕೂತಿರುತ್ತಿದ್ದೆ. ಬಿ.ಪಿ. ಹತೋಟಿಗೆ ಬಂದ ಮೇಲೆ ಮನೆಗೆ ಕಳಿಸಿದರು. ಕೈ ಬರುತ್ತದೆಯೇ ಎಂದು ಡಾಕ್ಟರನ್ನು ಕೇಳಿದೆ.

“ಕೈಗೆ ಕೆಲಸ ಕೊಡ್ರಿ. ಸುಮ್ಮನ ಇಟ್ರ ಬರೂದಿಲ್ಲ.”

ಹಿಸುಕಲು ಒಂದು ರಬ್ಬರ್ ಚೆಂಡು ತಂದೆವು. ಇವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ನಾನೇನು ಕೂಸೇ ಎಂಬ ಸಿಟ್ಟೂ ಅಲ್ಲ; ಸಿಟ್ಟು ಬರುವಷ್ಟು ಆಸೆಯೇ ಅವರಲ್ಲಿ ಉಳಿದಿರಲಿಲ್ಲ. ನನಗೆ ಲಕ್ವಾಕ್ಕಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತ್ತು.

ಒಂದು ಬೆಳಿಗ್ಗೆ ನನ್ನ ಹೆಗಲು ಹಿಡಿದು ಹಿತ್ತಲಿಗೆ ಬಂದರು. ಅಲ್ಲಿ ಅವರ ದುಂಡುಮಲ್ಲಿಗೆ. ಎಳ್ಳಮಾವಾಸ್ಯೆ ಕಳೆದ ಮೇಲೆ ಅದಕ್ಕೆ ನೀರು ನಿಲ್ಲಿಸುವುದು ಅವರ ಪದ್ಧತಿ. ಗಿಡವನ್ನು ಬಾಯಾರಿಸಿ, ಎಲೆ ಬಿಡಿಸಿ, ಟೊಂಗೆ ಸವರಿ, ಬೇರಿಗೆ ಬಿಸಿಲು ತೋರಿಸಿ, ಆಮೇಲೆ ಗೊಬ್ಬರ ಮತ್ತು ನೀರು. ಹಾಗೆ ಮಾಡಿದರೇ ಯುಗಾದಿಗೆ ಮೊಗ್ಗು. ನಾವು ದವಾಖಾನೆಯಲ್ಲಿದ್ದಾಗ ಪಕ್ಕದ ಮನೆಯ ಹುಸೇನಬಿ, ಗಿಡ ಒಣಗೀತೆಂದು ಮರುಗಿ, ದಿನಾ ಕೊಡಗಟ್ಟಲೆ ನೀರು ಹಾಕಿದ್ದಳು. ಮಲ್ಲಿಗೆ ಬರೀ ಎಲೆಯೇ ಆಗಿ ಕೊಬ್ಬಿ ನಿಂತಿತ್ತು.

“ನೀರು... ಯಾರ್ ಹಾಕಿದ್ರು?”

ತೊದಲಿದರೂ ದನಿಯಲ್ಲಿ ಹಳೆಯ ಸಿಟ್ಟಿತ್ತು. ಆ ಸಿಟ್ಟು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ.

ಗೋಡೆಯಾಚೆಯಿಂದ ಹುಸೇನಬಿ ಮುಖ ಸಣ್ಣದು ಮಾಡಿಕೊಂಡು ಹೇಳಿದಳು: “ಅಣ್ಣಾರ, ನೀವು ಬರೂದರಾಗ ಗಿಡಾ ಸಾಯಬಾರದಂತ ಹಾಕೀನ್ರಿ.” ಇವರು ಸ್ಟೂಲು ತರಲು ನನಗೆ ಸನ್ನೆ ಮಾಡಿದರು.

ಮೊದಲು ಎಡಗೈಯಿಂದ ಎಲೆ ಕಿತ್ತರು. ನಾನು ಬಲಗೈ ಎತ್ತಿ ಟೊಂಗೆಯ ಮೇಲಿಟ್ಟೆ. ಬೆರಳು ಕೂಡಲಿಲ್ಲ. ಮರುದಿನ ಅವರೇ ಹಿತ್ತಲಿಗೆ ಕರೆದುಕೊಂಡು ಹೋಗೆಂದರು. ಅದರ ಮರುದಿನವೂ. ಚೆಂಡು ಮಂಚದ ಕೆಳಗೆ ಉರುಳಿ ಹೋಯಿತು, ಯಾರೂ ಹುಡುಕಲಿಲ್ಲ. ಹೀಗೇ ದಿನ ಕಳೆದು ಒಂದು ಮುಂಜಾನೆ ಹೆಬ್ಬೆರಳು ಪಕ್ಕದ ಬೆರಳಿಗೆ ತಾಗಿತು, ನಡುವೆ ಒಂದು ಎಲೆ ಸಿಕ್ಕಿತು. ಅರ್ಧ ಹರಿದು ಬಂತು.

ಆ ಅರ್ಧ ಎಲೆಯನ್ನು ನಾನು ದೇವರ ಮುಂದಿಟ್ಟೆ.

ಟೊಂಗೆ ಸವರುವ ಸರದಿ ನನ್ನದಾಯಿತು. ಕತ್ತರಿ ಹಿಡಿದು, ಅಂಜಿ, ತುದಿತುದಿಯನ್ನಷ್ಟೇ ಕತ್ತರಿಸುತ್ತಿದ್ದೆ. “ಅಂಜಬ್ಯಾಡ, ಇನ್ನೂ ಕೆಳಗ,” ಎಂದರು. ಮುಗಿದಾಗ ಬರೀ ಕಡ್ಡಿಗಳು. ಒಳಗೆ ಹೋಗಿ ಅತ್ತೆ. ಆಗ ನನಗೆ ಬೋಳು ಗಿಡ ನೋಡುವ ಧೈರ್ಯ ಇರಲಿಲ್ಲ.

ಯುಗಾದಿಗೆ ಬಾಗಿಲ ಬೇವು ಚಿಗುರಿತು, ಮಲ್ಲಿಗೆ ಚಿಗುರಲಿಲ್ಲ. ಹಬ್ಬ ಮುಗಿದ ಮೇಲೆ ಕಡ್ಡಿಯ ಗೆಣ್ಣುಗಳಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಮೊಗ್ಗು ಬರುವ ಹೊತ್ತಿಗೆ ಬಿಸಿಲು ಏರಿತ್ತು.

ಇವರಿಗೆ ಕತ್ತರಿ ಇನ್ನೂ ಹಿಡಿಯಲು ಬರುವುದಿಲ್ಲ. ಬರುತ್ತದೆಂದು ಡಾಕ್ಟರೂ ಹೇಳಿಲ್ಲ. ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ, ಅಷ್ಟು ಸಾಕೆಂದು ನಾನು ಕಲಿಯುತ್ತಿದ್ದೇನೆ.

ಮೊದಲ ಮೊಗ್ಗನ್ನು ಬಲಗೈಯಿಂದಲೇ ಕೀಳುತ್ತೇನೆಂದು ಹಟ ಹಿಡಿದರು. ಒಂದು ನಜ್ಜುಗುಜ್ಜಾಯಿತು. ಇನ್ನೊಂದು ಇಡಿಯಾಗಿ ಬಂತು. ನನಗೇ ಎಂದು ಸೆರಗು ಒಡ್ಡಿದೆ. ಅವರು ಗೋಡೆಯ ಕಡೆ ನೋಡಿದರು.

“ಹುಸೇನಬಿಗೆ ಕೊಡು. ಆಕಿ ನೀರ ಹಾಕಿದ್ದಕ್ಕ ನನ್ನ ಕೈಗೆ ಇಷ್ಟು ಎಲಿ ಸಿಕ್ಕುವು.”