ಅತ್ತೆಕಲ್ಲು ಮತ್ತು ನೊರ್ಬೆರ್ತೊನ ಬೋಲ್ಟು

ಪಾಲೋ ಸೆಕೊ ಎಂಬ ಬೆಟ್ಟದೂರಿನಲ್ಲಿ ಬಾಡಿಗೆ ಬೈಕು ಓಡಿಸುವವರು ಹದಿನೆಂಟು ಮಂದಿ. ಅವರಲ್ಲಿ ಹದಿನೇಳು ಮಂದಿ ಹೊಳೆ ಕಂಡ ಕೂಡಲೇ "ಸ್ವಲ್ಪ ಇಳೀರಿ" ಅನ್ನುವವರು. ಹಿಂದೆ ಕೂತವರು ಚಪ್ಪಲಿ ಕೈಗೆ ತೆಗೆದುಕೊಂಡು, ಪಾದ ಮುಳುಗುವ ನೀರಿನಲ್ಲಿ ನಡೆದು, ಆಚೆ ದಡದಲ್ಲಿ ಮತ್ತೆ ಹತ್ತಿಕೊಳ್ಳಬೇಕು. ಇಳಿಸದವನು ಒಬ್ಬನೇ, ನೊರ್ಬೆರ್ತೊ. ಇಪ್ಪತ್ತೆರಡು ವರ್ಷದಲ್ಲಿ ಒಂದು ನರಪಿಳ್ಳೆಯ ಕಾಲನ್ನೂ ಅವನು ಒದ್ದೆ ಮಾಡಿಸಿರಲಿಲ್ಲ.

"ಕಾಸು ಕೊಟ್ಟು ಕೂತವರು ಹೊಳೇಲಿ ನಡೀಬೇಕು ಅಂದ್ರೆ ನಾನ್ಯಾಕೆ? ಒಂದು ಕತ್ತೆ ಸಾಕು!" ಎನ್ನುತ್ತಿದ್ದ, ಡಾಮಿನೋ ಆಡುವ ಮೇಜಿಗೆ ಕೈ ಬಡಿದು.

ಅವನ ಮೈಕಟ್ಟು ಗಿಡ್ಡ, ಮೀಸೆ ದೊಡ್ಡದು. ಬೈಕು ನಿಲ್ದಾಣದ ಕಿತ್ತಳೆ ಬಣ್ಣದ ಮೇಲಂಗಿಯ ಬೆನ್ನಿಗೆ ನಾಲ್ಕನೇ ನಂಬರು. ಅದನ್ನು ದಿನಾ ಬೆಳಿಗ್ಗೆ ಅವನೇ ಇಸ್ತ್ರಿ ಮಾಡುತ್ತಿದ್ದ, ಹೆಂಡತಿ ಮಿರೆಯಾಳಿಗೂ ಮುಟ್ಟಲು ಬಿಡುತ್ತಿರಲಿಲ್ಲ. "ಮದುವೆ ದಿನದ ಅಂಗಿಗೂ ಇಷ್ಟು ಮರ್ಯಾದೆ ಸಿಕ್ಕಿರ್ಲಿಲ್ಲ" ಎಂದು ಅವಳು ನಗುತ್ತಿದ್ದಳು. ಆ ನಂಬರಿಲ್ಲದವನು ಊರಿನಲ್ಲಿ ಒಬ್ಬರನ್ನೂ ಹತ್ತಿಸಿಕೊಳ್ಳುವ ಹಾಗಿಲ್ಲ. ನಂಬರು ಯಾವಾಗ ಖಾಲಿಯಾಗುತ್ತದೋ ಎಂದು ಒಂಬತ್ತು ಮಂದಿ ಬಾಯಿಬಿಟ್ಟುಕೊಂಡು ಕಾಯುತ್ತಿದ್ದರು.

ಹೊಳೆಯಲ್ಲಿ ಎರಡು ಬಂಡೆಗಳ ನಡುವೆ ಇರುವುದು ಒಂದೇ ಜಾಡು. ಆ ಜಾಡಿನ ನಟ್ಟನಡುವೆ ಒಂದು ಕಲ್ಲು. ಎಷ್ಟು ಮೀಟಿದರೂ ಅಲ್ಲಾಡುವುದಿಲ್ಲ, ಬಂದುಹೋಗುವವರನ್ನು ತಾಗದೆ ಬಿಡುವುದಿಲ್ಲ. ಅದಕ್ಕೇ ಊರವರು ಅದನ್ನು ಅತ್ತೆಕಲ್ಲು ಎಂದು ಕರೆಯುತ್ತಿದ್ದರು. ಚಕ್ರ ಅದರ ನೆತ್ತಿ ಹತ್ತಿ ಇಳಿಯುವಾಗ ಇಂಜಿನ್ನಿನ ಹೊಟ್ಟೆ "ಟಣ್" ಎಂದು ಸವರುತ್ತಿತ್ತು. ಹಿಂದಿನ ಬೈಕುಗಳೆಲ್ಲ ಈ ಟಣ್ ತಿಂದುಕೊಂಡೇ ಬಾಳಿದವು. ಆದರೆ ಕಳೆದ ಚಂಡಮಾರುತದಲ್ಲಿ ಸುತ್ತಲ ಜಲ್ಲಿ ಕೊಚ್ಚಿಹೋಗಿ ಅತ್ತೆಯ ತಲೆ ಇನ್ನೊಂದು ಬೆರಳು ಮೇಲೆದ್ದಿತು. ಅಲ್ಲಿಂದ ಶುರುವಾಯಿತು ನೊರ್ಬೆರ್ತೊನ ಶನಿಕಾಟ.

ಮೊದಲ ಸಲ ಹಿಂದೆ ಕೂತಿದ್ದವಳು ಶಾಲೆಯ ಟೀಚರು. ಟಣ್ ಎಂದಿದ್ದು ಹೊಳೆಯಲ್ಲಿ, ಬೈಕು ನಿಂತಿದ್ದು ಅರ್ಧ ಮೈಲಿ ಆಚೆ. ಹಿಂದಿರುಗಿ ನೋಡಿದರೆ ದಾರಿಯುದ್ದಕ್ಕೂ ಆಯಿಲು. ಅವಳು ಪರೀಕ್ಷೆಯ ಕಾಗದ ಹೊತ್ತು ಬಿಸಿಲಲ್ಲಿ ನಡೆದಳು. ಎರಡನೇ ಸಲ ಒಬ್ಬಳು ಹೆಂಗಸು ತೊಡೆಯ ಮೇಲೆ ಮಗಳ ಹದಿನೈದನೇ ಹುಟ್ಟುಹಬ್ಬದ ಕೇಕು ಇಟ್ಟುಕೊಂಡಿದ್ದಳು. ಬೈಕು ಕೆಟ್ಟು ಎರಡು ಗಂಟೆ ಕಾದದ್ದರಲ್ಲಿ ಕೇಕಿನ ಗುಲಾಬಿ ನೊರೆಯೆಲ್ಲ ಕರಗಿ ಅವಳ ಲಂಗಕ್ಕೆ ಇಳಿಯಿತು. ಆ ಹೆಂಗಸು ಬೈದ ಬೈಗುಳ ಬರೆಯುವಂಥದ್ದಲ್ಲ.

ಆ ಸಂಜೆಯೇ ನಿಲ್ದಾಣದ ಯಜಮಾನ ಲೆಓನ್ಸಿಯೊ ಕರೆದ. "ನೋಡಣ್ಣ, ನಿಯಮ ಮಾಡಿದ್ದು ನಾನೊಬ್ಬನೇ ಅಲ್ಲ, ನೀನೂ ಕೈ ಎತ್ತಿದ್ದೆ. ವರ್ಷಕ್ಕೆ ಮೂರು ಸಲ ಜನಾನ ನಡುದಾರೀಲಿ ಬಿಟ್ರೆ ನಂಬರು ವಾಪಸ್. ಎರಡಾಯ್ತು. ಹೊಳೇಲಿ ಇಳಿಸ್ಬಿಡು, ಏನು ಗಂಟು ಹೋಗುತ್ತೆ?"

"ಇಳಿಸಲ್ಲ" ಎಂದ ನೊರ್ಬೆರ್ತೊ. ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ಆದರೆ ಅಂದು ಮನೆಯಲ್ಲಿ ಬೇಯಿಸಿದ ಬಾಳೆಕಾಯಿ ತಟ್ಟೆಯಲ್ಲೇ ಉಳಿಯಿತು. ಐವತ್ತೊಂದರ ವಯಸ್ಸಿನಲ್ಲಿ ಆ ಅಂಗಿ ಬಿಚ್ಚಿಕೊಟ್ಟರೆ ತಾನು ಯಾರು ಎಂಬುದೇ ಅವನಿಗೆ ಹೊಳೆಯಲಿಲ್ಲ. ಭಯವಾಯಿತು.

ಭಯ ಬಿದ್ದವನು ಕೈಗೆ ಸಿಕ್ಕಿದ್ದನ್ನೆಲ್ಲ ಮಾಡುತ್ತಾನೆ. ಹಿಂದಿನ ಶಾಕ್ ಅಬ್ಸಾರ್ಬರು ತೆಗೆಸಿ ಉದ್ದದ್ದು ಹಾಕಿಸಿದ. ಬೈಕು ಹಿಂಬದಿ ಎತ್ತಿಕೊಂಡು ನಿಂತಿತು, ಮುದುಕಿಯರಿಗೆ ಹತ್ತಲು ಕುರ್ಚಿ ಬೇಕಾಯಿತು, ಹತ್ತಿದವರು ಜಾರಿ ಅವನ ಬೆನ್ನಿಗೆ ಅಂಟಿಕೊಂಡರು. ಕಲ್ಲು ಮಾತ್ರ ಹಾಗೇ ಟಣ್ ಎಂದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಅದನ್ನು ಕಿತ್ತು ಹಾಕಿ, ಹೊಟ್ಟೆಯ ಕೆಳಗೆ ಡ್ರಮ್ಮಿನ ತಗಡು ಕಟ್ಟಿದ. ಅದು ದಾರಿಯುದ್ದಕ್ಕೂ ತಮಟೆ ಬಾರಿಸಿತು, ಕೋಳಿಗಳು ಮರ ಹತ್ತಿದವು.

ತಮಟೆಯ ಸದ್ದಿಗೆ ಹೊರಬಂದವಳು ಸುನಿಲ್ದಾ. ಮಾವಿನ ಮರದಡಿ ಗ್ಯಾರೇಜು ಇಟ್ಟ ವಿಧವೆ. ಅವಳ ಮಗಳಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸುವಾಗ ಎತ್ತಿಕೊಂಡು ನಿಂತವನು ಇವನೇ, ಹಾಗಾಗಿ ಅವಳಿಗೆ ಇವನು ಕಂಪಾದ್ರೆ, ಇಬ್ಬರಿಗೂ ಬೀಗರಿಗಿಂತ ಹೆಚ್ಚಿನ ಸಲುಗೆ.

"ಕಂಪಾದ್ರೆ, ಮೆರವಣಿಗೆ ಯಾರದು?" ಎಂದಳು. "ಇಲ್ಲಿ ತಗೊಂಡು ಬಾ. ಇಷ್ಟು ದಿನ ನನ್ನ ಹತ್ರ ಬರ್ದೆ ಪೇಟೆಯವರ ಹತ್ರ ಹೋಗಿದ್ಯಲ್ಲ, ನಾನೇನು ಸತ್ತಿದ್ನಾ?"

ಬೈಕನ್ನು ಒಂದು ಮಗ್ಗುಲಿಗೆ ಮಲಗಿಸಿ, ತಗಡು ಕಿತ್ತೆಸೆದು, ಚಿಂದಿಯಿಂದ ಇಂಜಿನ್ನಿನ ಹೊಟ್ಟೆ ಒರೆಸಿದಳು. ಬಹಳ ಹೊತ್ತು ನೋಡಿದಳು.

"ಇಲ್ಲಿ ಬಗ್ಗು. ಹೊಟ್ಟೆ ಮೇಲೆ ಒಂದು ಗೀರಾದ್ರೂ ಇದ್ಯಾ?"

ಇರಲಿಲ್ಲ.

"ಇದನ್ನ ನೋಡು ಈಗ." ಅವಳ ಬೆರಳು ಆಯಿಲು ಇಳಿಸುವ ಬೋಲ್ಟಿನ ಮೇಲಿತ್ತು. ಅದರ ದಪ್ಪ ತಲೆ ಹೊಟ್ಟೆಯಿಂದ ಉಬ್ಬಿದ ಹೊಕ್ಕುಳಿನಂತೆ ಹೊರಚಾಚಿ, ಕಲ್ಲಿಗೆ ತಿಕ್ಕಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಸುನಿಲ್ದಾ ಜೇಬಿನಿಂದ ಡಾಮಿನೋ ಬಿಲ್ಲೆ ತೆಗೆದು ಪಕ್ಕಕ್ಕೆ ಹಿಡಿದಳು. ಬೋಲ್ಟಿನ ತಲೆ ಒಂದೂವರೆ ಬಿಲ್ಲೆಯ ದಪ್ಪದಷ್ಟು ಎತ್ತರವಿತ್ತು.

"ಕಲ್ಲು ಹೊಡೀತಿರೋದು ಬೈಕಿಗಲ್ಲ ಮಾರಾಯ, ಈ ತಲೆಗೆ. ಹೊಡೆದಾಗೆಲ್ಲ ಇದು ಸಡಿಲ ಆಗಿ ಆಯಿಲು ಬಿಡುತ್ತೆ. ಇನ್ನೊಂದು ಸಲ ಜೋರಾಗಿ ಬಿತ್ತೋ, ಬೋಲ್ಟಿನ ಜೊತೆ ಹೊಟ್ಟೇನೂ ಸೀಳುತ್ತೆ. ಆಮೇಲೆ ನಂಬರಲ್ಲ, ಬೈಕೇ ಇರಲ್ಲ."

"ಅಷ್ಟು ಚಿಕ್ಕದಕ್ಕಾ?" ನೊರ್ಬೆರ್ತೊನಿಗೆ ನಂಬಿಕೆ ಬರಲಿಲ್ಲ. "ಬೆರಳು ದಪ್ಪ ಇಲ್ಲ ಅದು!"

"ಅತ್ತೆ ಎದ್ದಿರೋದೂ ಬೆರಳಷ್ಟೇ ಅಲ್ವಾ?"

ಅವಳು ಪೇಟೆಯ ಲೇತಿನವನಿಂದ ಹೊಸ ಬೋಲ್ಟು ಮಾಡಿಸಿ ತಂದಳು. ಅದರ ತಲೆ ನಾಣ್ಯದಷ್ಟು ತೆಳು. ಸ್ಪ್ಯಾನರಿಗೆ ಹಿಡಿಯಲು ಏನೂ ಇಲ್ಲ, ನಡುವೆ ಆರು ಮೂಲೆಯ ತೂತು, ತಿರುಗಿಸಲು ಅದಕ್ಕೆ ತಕ್ಕ ಕೀಲಿ. ಹೊಸ ತಾಮ್ರದ ವಾಷರು ಕೂರಿಸಿ, ಬೋಲ್ಟನ್ನು ಬೆರಳಲ್ಲೇ ಆದಷ್ಟೂ ತಿರುಗಿಸಿ, ಕೊನೆಗೆ ಕೀಲಿಯಿಂದ ಮೆಲ್ಲಗೆ ಬಿಗಿದಳು. ನೊರ್ಬೆರ್ತೊ "ಇನ್ನೂ ಬಿಗಿ, ಇನ್ನೂ" ಎಂದಾಗ ಕೈಗೆ ಪಟ್ಟನೆ ಹೊಡೆದಳು. "ಅಲ್ಯೂಮಿನಿಯಂ ಇದು, ನಿನ್ನ ತಲೆಯಲ್ಲ. ಜಾಸ್ತಿ ಬಿಗಿದ್ರೆ ಥ್ರೆಡ್ಡು ಹೋಗುತ್ತೆ." ಆಮೇಲೆ ಹೊಸ ಆಯಿಲು ಹೊಯ್ದಳು.

ಮರುದಿನ ಗುರುವಾರ. ಗುರುವಾರ ಎಂದರೆ ಊರೆಲ್ಲ ಗೌರವದಿಂದ ದೋನ್ಯಾ ಎನ್ನುವ ಕಸಿಮಿರಾಳ ದಿನ. ಎಪ್ಪತ್ತೆಂಟು ವರ್ಷದ ಅವಳ ಕಾಲಿನಲ್ಲಿ ಮಾಯದ ಹುಣ್ಣಿತ್ತು. ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಪಟ್ಟಿ ಬದಲಿಸಬೇಕು, ಪಟ್ಟಿಗೆ ನೀರು ತಾಗಬಾರದು. ಆದ್ದರಿಂದ ಅವಳಿಗೆ ನೊರ್ಬೆರ್ತೊನೇ ಗತಿ.

"ಆಶೀರ್ವಾದ ಮಾಡಿ, ದೋನ್ಯಾ" ಎಂದ, ಎಂದಿನಂತೆ.

"ದೇವರು ಒಳ್ಳೇದು ಮಾಡ್ಲಿ ಮಗನೇ" ಎಂದು ಅವಳು ಹತ್ತಿ ಕೂತಳು. ನಿಲ್ದಾಣದವರೆಲ್ಲ ಡಾಮಿನೋ ಬಿಟ್ಟು ನೋಡಿದರು. ಕಾಯುತ್ತಿದ್ದ ಒಂಬತ್ತು ಮಂದಿಯಲ್ಲಿ ಇಬ್ಬರು ಹೊಳೆಯ ತನಕ ಹಿಂದೆಯೇ ಬಂದರು, ಹೆಣದ ಮನೆಗೆ ಬಂದವರ ಹಾಗೆ ದಡದಲ್ಲಿ ನಿಂತರು.

ಮುಂದಿನ ಚಕ್ರ ಅತ್ತೆಕಲ್ಲಿನ ನೆತ್ತಿ ಹತ್ತಿತು, ಇಳಿಯಿತು. ನೊರ್ಬೆರ್ತೊ ಹಲ್ಲು ಕಚ್ಚಿ ಟಣ್ ಎಂಬುದಕ್ಕೆ ಕಾದ. ಹಿಂದಿನ ಚಕ್ರವೂ ಹತ್ತಿ ಇಳಿಯಿತು. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಚೆ ದಡದಲ್ಲಿ ಬೈಕು ನಿಲ್ಲಿಸಿ ಬಗ್ಗಿ ನೋಡಿದ, ಒಂದು ತೊಟ್ಟು ಆಯಿಲೂ ಸೋರಿರಲಿಲ್ಲ. ಕುಣಿಯಬೇಕೆನ್ನಿಸಿತು. ಕುಣಿಯುವ ಮುಂಚೆ ಹಿಂದೆ ತಿರುಗಿದ. ದೋನ್ಯಾ ಕಸಿಮಿರಾ ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ಸೀಟಿನಿಂದ ಅರ್ಧ ಎದ್ದು, ನಡುಗುವ ಕಾಲನ್ನು ಫುಟ್‌ರೆಸ್ಟಿಗೆ ಊರಿ ನಿಂತಿದ್ದಳು.

"ಏನಾಯ್ತು ದೋನ್ಯಾ? ಕಾಲು ನೋವಾ?"

ಅವಳು ಉಸಿರು ಬಿಟ್ಟಳು. "ದಾಟಾಯ್ತಾ? ಏನಿಲ್ಲಪ್ಪ, ಹಗುರ ಆಗಿದ್ದೆ."

"ಹಗುರ?"

"ಕಲ್ಲು ಬಂದಾಗ ಉಸಿರು ಹಿಡಿದು ಮೇಲೆದ್ರೆ ನಿನ್ನ ಬೈಕಿಗೆ ಏಟು ಕಮ್ಮಿ ಬೀಳುತ್ತೆ ಅಂತ. ಎಲ್ಲಾರೂ ಮಾಡ್ತೀವಿ. ಟೀಚರೂ ಮಾಡ್ತಾಳೆ, ಆ ಕೇಕಿನವಳೂ ಮಾಡಿದ್ಳು ಪಾಪ, ಕೇಕು ಎತ್ತಿ ಹಿಡ್ಕೊಂಡು. ಎಷ್ಟೋ ವರ್ಷದಿಂದ."

"ಹೇಳ್ಲೇ ಇಲ್ವಲ್ಲ ಯಾರೂ!"

"ಹೇಳಿದ್ರೆ ನೀನು ನೊಂದ್ಕೊಳ್ತಿದ್ದೆ."

ನೊರ್ಬೆರ್ತೊನಿಗೆ ಮೊದಲು ನಾಚಿಕೆಯಾಯಿತು. ಇಡೀ ಊರನ್ನು ತಾನು ಹೊತ್ತು ದಾಟಿಸುತ್ತಿದ್ದೇನೆ ಎಂದು ಇಪ್ಪತ್ತೆರಡು ವರ್ಷ ಮೀಸೆ ತಿರುವಿದ್ದೇನು! ಹಿಂದಿನಿಂದ ಇವರೆಲ್ಲ ಹುಣ್ಣಿನ ಕಾಲಿನಲ್ಲೂ ಎದ್ದು ನಿಂತು ತನ್ನನ್ನು ದಾಟಿಸುತ್ತಿದ್ದರು. ಆಮೇಲೆ ನಾಚಿಕೆ ಹೋಯಿತು. ಆ ಕ್ಷಣ ಅವನಿಗೆ ಊರಿನ ಒಬ್ಬೊಬ್ಬರ ಮೇಲೂ, ಬೈದ ಕೇಕಿನವಳ ಮೇಲೂ, ತಡೆಯಲಾರದಷ್ಟು ಪ್ರೀತಿ ಉಕ್ಕಿತು.

"ಇನ್ಮೇಲೆ ಭಾರ ಬಿಟ್ಟು ಕೂತ್ಕೊಳ್ಳಿ ದೋನ್ಯಾ" ಎಂದ ಕೊನೆಗೆ. "ಎಷ್ಟು ಭಾರ ಇದ್ದೀರೋ ಅಷ್ಟೂ."

ಪಟ್ಟಿ ಬದಲಿಸಿಕೊಂಡು ಮಧ್ಯಾಹ್ನ ಹಿಂದಿರುಗುವಾಗ ಅವಳ ಮಡಿಲಲ್ಲಿ ಒಂದು ಚೀಲ ಗೆಡ್ಡೆಯೂ ಇತ್ತು. ಹೊಳೆ ಬಂತು. ದೋನ್ಯಾ ಕಸಿಮಿರಾ ಸಂತೆಗೆ ಬಂದವಳಂತೆ ಮೈ ಸಡಿಲ ಬಿಟ್ಟು, ಗೆಡ್ಡೆಯ ಬೆಲೆ ಹೇಳುತ್ತಾ, ಗಟ್ಟಿಯಾಗಿ ಕೂತೇ ಇದ್ದಳು. ಕಲ್ಲು ಬಂತು, ಹೋಯಿತು. ಈ ಸಲ ಉಸಿರು ಹಿಡಿದಿದ್ದವನು ನೊರ್ಬೆರ್ತೊ.

"ಬಿಡಪ್ಪ ಉಸಿರು" ಎಂದಳು ಅವಳು, ಅವನ ಬೆನ್ನ ಮೇಲಿನ ನಾಲ್ಕನೇ ನಂಬರಿಗೆ ಮೆಲ್ಲಗೆ ತಟ್ಟಿ. "ದಾಟಾಯ್ತು."