ಉಚ್ಚಂಗಿದುರ್ಗದ ಮೇಲೆ ಹೆಣ್ಣು ನೋಡಿದ್ದು

ಕೂಡ್ಲಿಗಿಯಿಂದ ಬೆಳಗಿನ ಮೊದಲ ಕೊಟ್ಟೂರು ಬಸ್ಸಿಗೆ ನಾನೂ ನನ್ನ ತಮ್ಮ ಕೊಟ್ರೇಶನೂ ಹತ್ತಿದೆವು. ಹೆಂಗಸಾದ್ದರಿಂದ ನನಗೆ ಆಧಾರ್ ಕಾರ್ಡು ತೋರಿಸಿದರೆ ಸಾಕಿತ್ತು. ಟಿಕೆಟ್ಟಿನ ದುಡ್ಡು ಅವನೊಬ್ಬನದೇ. ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಟಲಿ ನೀರು. ರೊಟ್ಟಿ ಮಾಡಿ ಮಾರುವುದೇ ನನ್ನ ಬದುಕು, ಹಾಗಾಗಿ ಎಲ್ಲಿಗೆ ಹೋದರೂ ನನ್ನ ಚೀಲಕ್ಕೆ ರೊಟ್ಟಿಯದ್ದೇ ವಾಸನೆ.

ಉಚ್ಚಂಗಿದುರ್ಗದ ಕೋಟೆ ನೋಡಲು ಹೊರಟಿದ್ದೇವೆ ಎಂದು ಓಣಿಯವರಿಗೆ ಹೇಳಿದ್ದೆ. ಅದು ಅರ್ಧ ನಿಜ. ಉಳಿದರ್ಧ ಹೆಣ್ಣು ನೋಡುವುದು. ಕೊಟ್ರೇಶ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಾನೆ. ಕೈ ಚುರುಕು, ಮಾತು ಮಾತ್ರ ತೊದಲು. ಹೆಣ್ಣಿನ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕಣ್ಣರಳಿಸಿ ಕೂತುಬಿಟ್ಟರೆ ಒಂದು ಶಬ್ದವೂ ಹೊರಡುವುದಿಲ್ಲ. ಆಮೇಲೆ ತಿಳಿಸ್ತೀವ್ರಿ ಎಂದವರು ಯಾರೂ ತಿಳಿಸಿರಲಿಲ್ಲ. ಈ ಸಲ ಹೊರಡುವ ಮುಂಚೆ ಅವನು ಕಡ್ಡಿ ಮುರಿದಂತೆ ಹೇಳಿದ್ದ: “ಅಕ್ಕಾ, ಇ... ಇದ ಕಡೀದು. ಇನ್ನೊಮ್ಮಿ ಕ... ಕರಿಬ್ಯಾಡ.”

ಆದರೆ ಈ ಹುಡುಗಿ ಬೇರೆ ಥರ. ಹೆಸರು ನಾಗವೇಣಿ, ಊರಿನ ಅಂಗನವಾಡಿಯಲ್ಲಿ ಟೀಚರ್. ತಾನೇ ನನಗೆ ಫೋನು ಮಾಡಿ, “ಅಕ್ಕಾರೆ, ಚಾಪೆ ಹಾಸಿ ಕೂರಿಸಿ ನೋಡೋದು ಬೇಡ. ನೀವಿಬ್ರೇ ಬನ್ನಿ, ಗುಡ್ಡ ಹತ್ತಣ. ಅಪ್ಪಂಗೂ ಹೇಳಿದೀನಿ,” ಎಂದಿದ್ದಳು.

ಕೊಟ್ಟೂರಿನಲ್ಲಿ ಇಳಿದು ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ತಿಂದೆವು ಎಂದರೆ ನಾನು ತಿಂದೆ. ಅವನು ಮಂಡಕ್ಕಿಯನ್ನು ಕಾಗದದ ಮೇಲೆ ಆಚೆ ಈಚೆ ದೂಡುತ್ತಾ ಕೂತಿದ್ದ. ಹರಪನಹಳ್ಳಿಯ ದಾರಿಯುದ್ದಕ್ಕೂ ಮೆಕ್ಕೆಜೋಳದ ಸುಗ್ಗಿ. ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲಿಟ್ಟಿದ್ದರು. ಡ್ರೈವರ್ ಬೈಯುತ್ತಲೇ ಆ ಹಳದಿ ಹಾಸಿಗೆಯನ್ನು ಸುತ್ತಿ ಸುತ್ತಿ ಓಡಿಸಿದ. ಹರಪನಹಳ್ಳಿಯಲ್ಲಿ ಮತ್ತೊಂದು ಬಸ್ಸು ಹಿಡಿದೆವು. ಕೊನೆಗೆ ಕಿಟಕಿಯಲ್ಲಿ ಗುಡ್ಡ ಕಂಡಿತು. ಬಂಡೆ ಎಲ್ಲಿ ಮುಗಿಯುತ್ತದೆ, ಗೋಡೆ ಎಲ್ಲಿ ಶುರುವಾಗುತ್ತದೆ, ದೂರದಿಂದ ತಿಳಿಯಲಿಲ್ಲ.

ನಾಗವೇಣಿ ಮೆಟ್ಟಿಲ ಬುಡದಲ್ಲೇ ನಿಂತಿದ್ದಳು. ಹತ್ತಿಯ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಬಿಸಿಲು ಹಿತವಾಗಿತ್ತು, ಗಾಳಿ ಜೋರಿತ್ತು. ಮೊದಲ ಬಾಗಿಲು ದಾಟುವಷ್ಟರಲ್ಲಿ ನನ್ನ ಮೊಣಕಾಲು ಮಾತಾಡತೊಡಗಿದವು. ಕದಂಬರು, ಪಾಂಡ್ಯರು, ಹೊಯ್ಸಳರು, ಆಮೇಲೆ ಹರಪನಹಳ್ಳಿ ಪಾಳೆಯಗಾರರು ಎಲ್ಲರಿಗೂ ಈ ಗುಡ್ಡ ಬೇಕಾಗಿತ್ತಂತೆ. ಅಷ್ಟು ಜನ ಕತ್ತಿ ಗುರಾಣಿ ಹೊತ್ತು ಇದನ್ನು ಹೇಗೆ ಹತ್ತಿದರೋ, ನನಗಂತೂ ಒಂದು ರೊಟ್ಟಿ ಚೀಲವೇ ಭಾರವಾಗಿತ್ತು.

“ನಿಮ್ಮ ಅಂಗಡಿ ಕೂಡ್ಲಿಗೇಲಿ ಎಲ್ಲೈತೆ?” ನಾಗವೇಣಿ ಅವನನ್ನು ಕೇಳಿದಳು.

“ಬ... ಬ...”

“ಬಸ್‌ಸ್ಟ್ಯಾಂಡ್ ಹಿಂದ್ ಐತವ್ವಾ,” ಎಂದೆ ನಾನು.

ಅವಳು ಮೆಟ್ಟಿಲ ಮೇಲೆ ನಿಂತಳು. “ಅಕ್ಕಾರೆ, ಬೇಜಾರಾಗ್‌ಬ್ಯಾಡ್ರಿ. ಅವ್ರೇ ಹೇಳ್ಲಿ. ನಮಗೇನು ಅವಸರ ಐತೆ?”

ನನ್ನ ಮುಖ ಬಿಸಿಯಾಯಿತು. ಕೊಟ್ರೇಶ ನೆಲ ನೋಡಿದ. ಆಮೇಲೆ ತಾನೇ, “ಬಸ್‌ಸ್ಟ್ಯಾಂಡ್ ಹಿಂದ. ಹು... ಹುಣಸಿಗಿಡದ ಕೆಳಗ,” ಎಂದ. ಹುಣಸೆಮರವನ್ನು ನಾನು ಹೇಳಿರಲಿಲ್ಲ. ಅಲ್ಲಿಂದ ಮುಂದೆ ನಾನು ನಾಲ್ಕು ಮೆಟ್ಟಿಲು ಹಿಂದೆಯೇ ಉಳಿದೆ. ಮೊಣಕಾಲಿನ ನೆಪ ಹೇಗೂ ಇತ್ತು.

ಮೇಲೆ ಉಚ್ಚಂಗೆಮ್ಮನಿಗೆ ಕಾಯಿ ಒಡೆಸಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು, ಅರಮನೆಯ ಕಡೆ ನಡೆದೆವು. ಅರಮನೆ ಎಂದರೆ ಈಗ ಮೊಣಕಾಲೆತ್ತರದ ಗೋಡೆಗಳು, ನಡುವೆ ಸೀತಾಫಲದ ಗಿಡಗಳು. ಒಂದು ಗೋಡೆ ಮಾತ್ರ ಆಳೆತ್ತರ ನಿಂತಿದೆ, ಅದರಲ್ಲಿ ದೀಪ ಇಡುವ ಗೂಡುಗಳು. ಗೂಡಿನೊಳಗೆ ಕೈಯಿಟ್ಟರೆ ತಣ್ಣಗಿತ್ತು. ಯಾವ ರಾಣಿ ಇಲ್ಲಿ ದೀಪ ಹಚ್ಚಿ ಯಾರ ದಾರಿ ಕಾದಳೋ ಎಂದು ಯೋಚಿಸುತ್ತಿದ್ದಾಗ ಹಿಂದಿನಿಂದ ಜಗಳದ ದನಿ ಕೇಳಿಸಿತು.

ಇನ್ನೊಂದು ಗೋಡೆಯ ಬುಡದ ಹಾಸುಬಂಡೆಯಲ್ಲಿ ತೊಟ್ಟಿಯಂತೆ ಕೊರೆದ ಒಂದು ಗುಂಡಿ, ಅದರ ಮೂಲೆಯಲ್ಲಿ ತೂತು.

“ಇದು ತುಪ್ಪದ ಕೊಳ. ನಮ್ಮಜ್ಜಿ ಹೇಳೋಳು,” ಎಂದಳು ನಾಗವೇಣಿ.

“ತು... ತುಪ್ಪದ್ದಲ್ರಿ. ತುಪ್ಪಕ್ಕ ತೂ... ತೂತು ಯಾಕ ಬೇಕು? ಇದು ಜ... ಜಳಕದ್ದು. ನೀರು ಆ ಕಡಿ ಹೋ... ಹೋಗ್ತತಿ.”

“ಅಜ್ಜಿ ಸುಳ್ಳು ಹೇಳಿದ್ಲಾ?”

“ಅ... ಅಜ್ಜಿ ತುಪ್ಪ ಸುರುವಿದ್ಲೇನ್ರಿ ಇ... ಇದ್ರಾಗ?”

ನಾನು ಗಾಬರಿಯಾದೆ. ಹೆಣ್ಣು ನೋಡಲು ಬಂದು ಅಜ್ಜಿಯ ಮೇಲೆ ಮಾತೇ! ಆದರೆ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, “ಹಂಗಾರೆ ತೋರ್ಸಿ,” ಎಂದಳು. ಕೊಟ್ರೇಶ ನನ್ನ ಚೀಲದಿಂದ ನೀರಿನ ಬಾಟಲಿ ಎಳೆದು ಗುಂಡಿಗೆ ಸುರಿದೇಬಿಟ್ಟ. ನೀರು ಹೊರಬರುತ್ತದೋ ನೋಡಲು ಇಬ್ಬರೂ ಗೋಡೆಯ ಆಚೆ ಬದಿಗೆ ಓಡಿದರು. ಏನೂ ಬರಲಿಲ್ಲ. ಎರಡನೆಯ ಬಾಟಲಿಯೂ ಖಾಲಿಯಾಯಿತು. ಅವನು ಕಡ್ಡಿ ತಂದು ತೂತಿನೊಳಗೆ ತಿವಿದ. ಒಂದು ಓತಿಕ್ಯಾತ ಹೊರಗೆ ಹಾರಿ ನಾಗವೇಣಿಯ ಶೂ ಮೇಲೆಯೇ ಓಡಿಹೋಯಿತು. ಅವಳು ಕಿಟಾರನೆ ಕಿರುಚಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವನೂ ನಕ್ಕ. ಪರರ ಎದುರಿಗೆ ಅವನು ಹಲ್ಲು ಕಾಣುವಂತೆ ನಕ್ಕಿದ್ದನ್ನು ನಾನು ಮರೆತೇಬಿಟ್ಟಿದ್ದೆ.

“ಮ... ಮಣ್ಣು ತುಂಬೇತಿ. ಮಳಿಗಾಲದಾಗ ಬಂದು ನೋ... ನೋಡಬೇಕು,” ಎಂದ.

“ಬನ್ನಿ. ಗುಡ್ಡ ಎಲ್ಲೂ ಹೋಗಲ್ಲ,” ಎಂದಳು.

ಕೋಟೆಗೋಡೆಯ ಬತ್ತೇರಿಯ ಮೇಲೆ ಕೂತು ರೊಟ್ಟಿ ಬಿಚ್ಚಿದೆವು. ಕೆಳಗೆ ಕೆರೆ, ಹೊಲ, ಬೆಂಕಿಪೊಟ್ಟಣದಂಥ ಮನೆಗಳು. ಕುಡಿಯಲು ನೀರಿರಲಿಲ್ಲ; ಒಣರೊಟ್ಟಿ ಗಂಟಲಲ್ಲಿ ನಿಂತು ಮೂವರೂ ಬಿಕ್ಕಳಿಸಿದೆವು. ನಾಗವೇಣಿ ಗುಡಿಯ ಕಡೆಗೆ ಓಡಿ ಒಂದು ಚೊಂಬು ನೀರು ತಂದಳು. ಮೊದಲು ನನಗೆ ಕೊಟ್ಟು, ಆಮೇಲೆ ಅವನಿಗೆ ಕೊಟ್ಟು, “ಇದನ್ನ ಕುಡೀರಿ, ಗುಂಡಿಗೆ ಹಾಕ್‌ಬೇಡಿ,” ಎಂದಳು.

ಇಳಿದ ಮೇಲೆ ಅವರ ಮನೆಗೆ ಹೋಗದೆ ಇರಲಾಗಲಿಲ್ಲ. ಅವಳ ತಾಯಿ ಒಗ್ಗರಣೆ ಅವಲಕ್ಕಿ, ಚಹಾ ಕೊಟ್ಟರು. ತಂದೆ ಮಗಳ ಕಡೆ ನೋಡಿದರು. “ನಂಗೆ ಒಪ್ಪಿಗೆ ಐತಪ್ಪಾ. ಅವ್ರನ್ನೂ ಕೇಳ್ಬೇಕಲ್ಲ,” ಎಂದಳು ಅವಳು. ಎಲ್ಲರ ಮುಖವೂ ಕೊಟ್ರೇಶನ ಕಡೆ ತಿರುಗಿತು. ನಾನು ಹೆದರುತ್ತಿದ್ದದ್ದು ಇದಕ್ಕೇ.

“ನ... ನ...”

ನಾನು ಸೆರಗು ಕಚ್ಚಿ ಕೂತೆ. ನಾಗವೇಣಿ ಚಹಾದ ಲೋಟ ತೆಗೆದಿಡುತ್ತಾ, ಏನೂ ಆಗದವಳಂತೆ ಕಾಯುತ್ತಿದ್ದಳು.

“ನಂಗೂ ಒ... ಒಪ್ಪಿಗಿ ಐತ್ರಿ,” ಎಂದ ಕೊಟ್ರೇಶ. ಆಮೇಲೆ ತಲೆಯೆತ್ತಿ, “ಆದ್ರ ಅದು ತು... ತುಪ್ಪದ ಕೊಳ ಅಲ್ರಿ.”

ಅವಳ ತಂದೆ ತಾಯಿಗೆ ಏನೂ ತಿಳಿಯಲಿಲ್ಲ. ನಾವು ಮೂವರು ನಕ್ಕಿದ್ದಕ್ಕೆ ಅವರೂ ನಕ್ಕರು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಅವನಿಗೇ ಬಿಟ್ಟುಕೊಟ್ಟೆ. ಇಳಿಬಿಸಿಲಿಗೆ ಕೋಟೆಯ ಗೋಡೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಗುಡ್ಡ ಮರೆಯಾಗುವವರೆಗೂ ಅವನು ಕತ್ತು ಹಿಂದಕ್ಕೆ ಹೊರಳಿಸಿಕೊಂಡೇ ಇದ್ದ. ಹಣೆಯ ಭಂಡಾರ ನೋಡಿ ಪಕ್ಕದ ಸೀಟಿನ ಅಜ್ಜ ನನ್ನನ್ನು ಕೇಳಿದ: “ಏನವ್ವಾ, ಅಮ್ಮನ ದರ್ಶನ ಚೆನ್ನಾಗಾತಾ?”

ನಾನು ಬಾಯಿ ತೆರೆಯುವ ಮುಂಚೆ ಕೊಟ್ರೇಶನೇ ಇತ್ತ ತಿರುಗಿದ.

“ಭಾ... ಭಾಳ ಚಲೋ ಆತಜ್ಜಾ,” ಎಂದ.