ಮೆಟ್ಟಿಲು ಬಾವಿಯ ಮೀಸೆ ಮೀನು

ನಾನು ನಿಂತಿದ್ದು ಮೆಟ್ಟಿಲು ಬಾವಿಯ ಆರನೆಯ ಮೆಟ್ಟಿಲ ಮೇಲೆ. ತೊಂಬತ್ತೊಂಬತ್ತನೆಯ ಇಸವಿ, ಜೂನ್ ತಿಂಗಳು, ಒಂದು ಶುಕ್ರವಾರ ಬೆಳಿಗ್ಗೆ ಏಳೂಕಾಲು ಗಂಟೆ. ಮೂರು ದಿನ ಹೊಡೆದ ಮಳೆ ಜಿನುಗಿಗೆ ಇಳಿದಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರು ‘ಬೆಳಕಿತ್ತೇ’ ಎಂದು ಕೇಳದೆ ಬಿಡುವುದಿಲ್ಲ. ಬೆಳಕಿತ್ತು. ಕನ್ನಡಕವೂ ಮೂಗಿನ ಮೇಲಿತ್ತು.

ನೆನಪನ್ನು ಕೆದಕಿದ್ದು ಒಂದು ವಾಸನೆ. ಹೋದ ವಾರ ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಮೀನು ಮಾರುವವಳ ಬೋಗುಣಿಯಿಂದ ಕೆಸರಿನ ವಾಸನೆ ಬಂತು. ಇಣುಕಿದೆ. ಕರೀ ಮೈ, ಚಪ್ಪಟೆ ತಲೆ, ಬಾಯಿಯ ಸುತ್ತ ಉದ್ದುದ್ದ ಮೀಸೆ. ನೀರಿಲ್ಲದ ಬೋಗುಣಿಯಲ್ಲಿ ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ಯಾವ ಕೆರೆಯವು ಎಂದೆ. ಅವಳು ನಮ್ಮೂರಿನ ಹೆಸರನ್ನೇ ಹೇಳಿದಳು. ‘ಈಗ ಅಲ್ಲಿ ಇವು ಬಿಟ್ರ ಬ್ಯಾರೆ ಏನೈತ್ರಿ?’ ಅಂದಳು. ನನ್ನ ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ.

ನಮ್ಮೂರು ಎಂದರೆ ನಾನು ಹನ್ನೊಂದು ವರ್ಷ ವಿಜ್ಞಾನ ಕಲಿಸಿದ ಊರು. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಕಡೆಯದು. ಆ ಊರಿನ ಒಂದು ಓಣಿ ಕುಡಿಯುತ್ತಿದ್ದದ್ದು ಈ ಬಾವಿಯ ನೀರು. ಆಳವಿಲ್ಲ, ಒಟ್ಟು ಹದಿನೆಂಟು ಮೆಟ್ಟಿಲು. ಎದುರಿನ ಗೋಡೆ ಯಾವಾಗಲೋ ಕುಸಿದು ಕಲ್ಲುಮಣ್ಣಿನ ಇಳಿಜಾರಾಗಿತ್ತು. ಬಾವಿಯ ತುಂಬ ಬೆರಳುದ್ದದ ಬೆಳ್ಳಿ ಮೀನುಗಳು. ಅವನ್ನು ಯಾರೂ ಹಿಡಿಯುವಂತಿಲ್ಲ. ಹೂಳು ತೆಗೆಯುವಾಗ ಮೊದಲು ಮೀನುಗಳನ್ನು ಕೊಡದಲ್ಲಿ ತುಂಬಿ ನೆರಳಿಗಿಡುವುದು, ಕೆಲಸ ಮುಗಿದ ಮೇಲೆ ವಾಪಸ್ ನೀರಿಗೆ ಬಿಡುವುದು, ಇದು ಅಲ್ಲಿನ ಪದ್ಧತಿ. ಆ ಕೊಡ ಹೊರುವ ಹೆಂಗಸು ಓಬಕ್ಕ. ಬಾವಿಯ ಪಕ್ಕದ ಮನೆ ಅವಳದು. ಬಾವಿಯ ಕಟ್ಟೆಯ ಮೇಲೆ ಯಾರಾದರೂ ಉಗುಳಿದರೆ ಅವಳ ಬಾಯಿಂದ ತಪ್ಪಿಸಿಕೊಂಡು ಹೋಗುವುದು ಕಷ್ಟ.

ನಾನು ಪ್ರತಿವರ್ಷ ಮಕ್ಕಳನ್ನು ಕರೆತಂದು ಇದೇ ಬಾವಿ ತೋರಿಸಿ ಪಾಠ ಮಾಡುತ್ತಿದ್ದೆ. ಪಾಚಿ, ಪಾಚಿ ತಿನ್ನುವ ಸೊಳ್ಳೆಮರಿ, ಅದನ್ನು ತಿನ್ನುವ ಮೀನು, ಮೀನು ತಿನ್ನುವ ಮಿಂಚುಳ್ಳಿ. ಕೆಳಗಿನ ಮೆಟ್ಟಿಲಲ್ಲಿ ಜೀವ ಹೆಚ್ಚಿರಬೇಕು, ತುದಿಯಲ್ಲಿ ಒಂದೆರಡು ಬಾಯಿ ಮಾತ್ರ ಇರಬೇಕು ಎಂದು ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತಿದ್ದೆ. ಅಕ್ಷರ ದುಂಡಗಿತ್ತು. ತಲೆಗೆ ಅದು ಇಳಿದಿರಲಿಲ್ಲ, ನನ್ನದೇ ತಲೆಗೆ.

ಹಿಂದಿನ ವರ್ಷದ ಮಳೆಗಾಲದಲ್ಲಿ ಪಂಪ್‌ಸೆಟ್ ಮೆಕ್ಯಾನಿಕ್ ಬಾಷಾ ಹಡಗಲಿ ಕಡೆ ಯಾರದೋ ಮೀನಿನ ಹೊಂಡದ ಮೋಟರು ರಿಪೇರಿ ಮಾಡಿ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಇಪ್ಪತ್ತು ಮರಿ.

‘ಹೊಂಡದ ಸಾವ್ಕಾರ ಕೊಟ್ಟಾನ್ರಿ ಸರ್. ಭಾರಿ ಗಟ್ಟಿ ಮಾಲು. ನೀರು ಇಲ್ಲಂದ್ರೂ ಸಾಯಂಗಿಲ್ಲಂತ. ಬಾವಿಗೆ ಬಿಡಾಣೇನು?’

ನಾನು ಒಂದು ಕ್ಷಣವೂ ಯೋಚಿಸದೆ ‘ಬಿಡು’ ಎಂದೆ. ಮಿಂಚುಳ್ಳಿ ಬರುತ್ತಿದ್ದದ್ದು ವಾರಕ್ಕೆರಡು ಸಲ. ನನ್ನ ತ್ರಿಕೋನದ ತುದಿಗೊಂದು ಖಾಯಂ ಉದಾಹರಣೆ ಸಿಕ್ಕಿತೆಂದು ಖುಷಿಯಾಯಿತು. ‘ಸೊಳ್ಳೆ ತಿಂತಾವೆ, ಒಳ್ಳೇದು’ ಎಂದು ಓಬಕ್ಕನಿಗೆ ಹೇಳಿದವನೂ ನಾನೇ. ಮೇಷ್ಟರ ಮಾತು, ಅವಳು ನಂಬಿದಳು.

ದೀಪಾವಳಿ ಹೊತ್ತಿಗೆ ಬೆಳ್ಳಿ ಮೀನು ಕಡಿಮೆಯಾದವು. ಸಂಕ್ರಾಂತಿಗೆ ಒಂದೂ ಇರಲಿಲ್ಲ. ಕಪ್ಪೆಯ ಸದ್ದು ನಿಂತಿತು. ಮಿಂಚುಳ್ಳಿ ಎರಡು ಸಲ ಬಂದು, ಕುಳಿತು, ಬರಿಗೊಕ್ಕಿನಲ್ಲಿ ಹೋಯಿತು, ಮತ್ತೆ ಬರಲಿಲ್ಲ. ಸೊಳ್ಳೆಮರಿಯನ್ನು ನಿಜವಾಗಿ ತಿನ್ನುತ್ತಿದ್ದ ಬೆಳ್ಳಿ ಮೀನುಗಳೇ ಇಲ್ಲವಾದ್ದರಿಂದ ಓಣಿಯಲ್ಲಿ ಸೊಳ್ಳೆ ಎದ್ದಿತು. ಹೊಸ ಮೀನುಗಳು ಮೊಳಕೈ ಉದ್ದ ಬೆಳೆದಿದ್ದವು. ಗಾಳಿ ಕುಡಿಯಲು ಮೇಲೆ ಬಂದಾಗ ಎಣಿಸುತ್ತಿದ್ದೆ. ಇಪ್ಪತ್ತು ಹೋಗಿ ಹದಿನಾಲ್ಕಾದವು, ಯುಗಾದಿ ದಾಟಿದ ಮೇಲೆ ಹನ್ನೊಂದು. ಸತ್ತ ಮೀನು ಒಂದಾದರೂ ತೇಲಿದ್ದನ್ನು ನಾನು ನೋಡಲಿಲ್ಲ. ಆ ಒಂಬತ್ತನ್ನು ಉಳಿದವೇ ತಿಂದಿದ್ದವು ಎಂದು ಗೊತ್ತಾದ ದಿನ ಆ ನೀರು ಕುಡಿಯಲು ನನ್ನಿಂದಾಗಲಿಲ್ಲ.

ಓಬಕ್ಕ ಕೊಡ ಮುಳುಗಿಸುತ್ತ ಅಂದಳು, ‘ಏನ್ರಿ ಮೇಷ್ಟ್ರ, ನಿಮ್ಮ ಮೀನು ಫೌಜುದಾರನಂಗ ಮೀಸಿ ಬಿಟ್ಟಾವ. ನನ್ನ ಕೈಯ್ಯೇ ದಿಟ್ಟಿಸ್ತಾವ.’

‘ಭಾರಿ ಬೆಳದಾವ, ಹಿಡಿಸಿ ತೆಗಸಾಣ’ ಅಂದೆ.

‘ಬಾವಿ ಮೀನು ಮುಟ್ಟಿದ್ರ ನೀರು ಮುನಸ್ಕಂತೈತಿ. ಬಿಟ್ಟೋರು ನೀವು, ಹಿಡಿಯೋರೂ ನೀವಾ?’

ಅವು ಏನು ಮಾಡಿವೆ ಎಂದು ಆಗಲೇ ಹೇಳಬೇಕಿತ್ತು. ಹೇಳಿದ್ದರೆ ನನ್ನ ತಪ್ಪೂ ಹೇಳಬೇಕಾಗುತ್ತಿತ್ತು.

ಇನ್ನು ಆ ಶುಕ್ರವಾರ. ಮಳೆಗೆ ರಸ್ತೆಯ ಚರಂಡಿ ತುಂಬಿ, ಕುಸಿದ ಗೋಡೆಯ ಇಳಿಜಾರಿನಲ್ಲಿ ತೆಳ್ಳಗೆ ನೀರು ಬಾವಿಗಿಳಿಯುತ್ತಿತ್ತು. ಬಾವಿಯ ನೀರು ಹತ್ತನೆಯ ಮೆಟ್ಟಿಲಿಗೆ ಏರಿತ್ತು. ಬಾಷಾ ಮೇಲೆ ಕಟ್ಟೆಯ ಮೇಲೆ ಎಂಜಿನ್ ಬಿಚ್ಚುತ್ತಿದ್ದ. ಎದುರಿನ ಇಳಿಜಾರಿನಲ್ಲಿ ಏನೋ ಅಲುಗಿತು. ಹಾವು ಅಂದುಕೊಂಡೆ. ಹಾವಲ್ಲ. ಮೀನು. ಎದೆಯ ಎರಡು ಮುಳ್ಳುರೆಕ್ಕೆಗಳನ್ನು ಮೊಳಕೈಯಂತೆ ಊರಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ, ಆ ತೆಳ್ಳನೆಯ ನೀರಿಗೆ ಎದುರಾಗಿ ಮೇಲೆ ಹತ್ತುತ್ತಿತ್ತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೆರಡು.

‘ಯಾ ಅಲ್ಲಾ’ ಎಂದ ಬಾಷಾ ಮೇಲಿಂದ, ಮೆಲ್ಲಗೆ. ‘ಸರ್, ನಡಿಯಾಕತ್ತಾವು.’

ಬಾವಿಯಲ್ಲಿ ತಿನ್ನಲು ಏನೂ ಉಳಿದಿರಲಿಲ್ಲ. ಮೇಲೆ ಹತ್ತಿದರೆ ಚರಂಡಿ. ಚರಂಡಿ ಇನ್ನೂರು ಹೆಜ್ಜೆ ಹರಿದರೆ ಕೆರೆ. ಊರಿಗೆಲ್ಲ ಮೀನು ಕೊಡುವ, ಚಳಿಗಾಲಕ್ಕೆ ಹಕ್ಕಿ ಬಂದಿಳಿಯುವ ಕೆರೆ. ಅದು ಹೊಳೆದ ಕೂಡಲೇ ಓಡಿದೆ. ಬಾಷಾ ಕೈಯಲ್ಲಿದ್ದ ಪಾನಾದಿಂದ ಹೊಡೆದ, ನಾನು ಕೊಡೆಯಿಂದ. ಕೊಡೆ ಮುರಿಯಿತು, ಕಲ್ಲು ತೆಗೆದುಕೊಂಡೆ. ಏಳು ಸತ್ತವು. ಸಾಲಾಗಿ ಇಟ್ಟು ಎರಡು ಸಲ ಎಣಿಸಿದೆ. ಬಾಷಾ ಬಾವಿಗಿಳಿದು ಗಳದಿಂದ ಮೂಲೆಮೂಲೆ ಕಲಕಿದ. ಉಳಿದ ನಾಲ್ಕು ಅಲ್ಲಿರಲಿಲ್ಲ.

ಅಷ್ಟರಲ್ಲಿ ಕೆರೆಯ ದಾರಿಯಿಂದ ಓಬಕ್ಕ ಬಂದಳು. ಕಂಕುಳಲ್ಲಿ ಖಾಲಿ ಕೊಡ. ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

‘ಪಾಪಿಗಳ್ರಾ, ಬಾವಿ ಮೀನು ಬಡದು ಕೊಂದ್ರೆಲ್ಲ. ಚರಂಡ್ಯಾಗ ನಾಕು ಬಿದ್ದು ಒದ್ದಾಡ್ತಿದ್ವು. ಕೊಡದಾಗ ತುಂಬ್ಕಂಡು ಹೋಗಿ ಕೆರಿಗೆ ಬಿಟ್ಟು ಬಂದೆ.’

ಬಾಷಾ ನನ್ನ ಮುಖ ನೋಡಿದ. ಪಾನಾ ಕೆಳಗಿಟ್ಟ. ನಾನು ಅವಳಿಗೆ ಏನೂ ಹೇಳಲಿಲ್ಲ. ಮರುವರ್ಷ ವರ್ಗವಾಗಿ ಹೋದೆ, ಆಗಲೂ ಹೇಳಲಿಲ್ಲ.

ಹೋದ ವಾರ ತಪ್ಪಿದ ಬಸ್ಸಿನ ಬದಲು ಆ ಊರಿನ ಬಸ್ಸು ಹತ್ತಿದೆ. ಓಬಕ್ಕ ಬಾಗಿಲಲ್ಲೇ ಕುಳಿತಿದ್ದಳು, ಕಣ್ಣು ಮಂಜಾಗಿದೆ. ಧ್ವನಿಯಿಂದ ಗುರುತು ಹಿಡಿದಳು. ಇಪ್ಪತ್ತು ಮರಿಗಳಿಂದ ಹಿಡಿದು ಕೊಟ್ಟೂರಿನ ಬೋಗುಣಿಯವರೆಗೆ, ಒಂದನ್ನೂ ಬಿಡದೆ ಹೇಳಿದೆ. ಅವಳು ಅಂಗೈಯಿಂದ ನೆಲ ಸವರಿದಳು.

‘ಮೊದ್ಲ ಹೇಳಿದ್ರ, ಅವತ್ತ ಆ ಕೊಡ ಕಟ್ಟಿ ಮ್ಯಾಲೇ ಸುರುವುತಿದ್ನೆಲ್ಲ ಮೇಷ್ಟ್ರ’ ಅಂದಳು.

ಬಾಷಾ ತೀರಿಕೊಂಡು ಆರು ವರ್ಷವಾಯಿತು. ಆ ಬೆಳಿಗ್ಗೆ ಬಾವಿಯ ಹತ್ತಿರ ಇದ್ದವರು ಮೂವರೇ. ಈಗ ಇರುವವರು ಓಬಕ್ಕ, ಮತ್ತು ನಾನು.